ಟಿವಿ ಹಚ್ಚುವ ಮುಂಚೆ: ತರಗತಿಗೆ ತಂತ್ರಜ್ಞಾನ ತರೋದು ಹೇಗೆ

ಶಿಕ್ಷಕರ ತರಬೇತಿಗೆ ಹೋಗಿ ಬಂದವರಿಗೆಲ್ಲ ಆ ಮೂರು ವೃತ್ತದ ಚಿತ್ರ ಗೊತ್ತಿರುತ್ತದೆ. ಒಂದರ ಮೇಲೊಂದು ಹತ್ತಿಕೊಂಡ ಮೂರು ಬಣ್ಣದ ವೃತ್ತ, ವಿಷಯಕ್ಕೊಂದು, ಕಲಿಸೋ ಕಲೆಗೊಂದು, ತಂತ್ರಜ್ಞಾನಕ್ಕೊಂದು, ನಟ್ಟನಡುವೆ ಒಂದು ಪುಟ್ಟ ಜಾಗ, ಅದರೊಳಗೆ ಟಿಪ್ಯಾಕ್ ಅಂತ ಬರೆದಿರುತ್ತದೆ. ನಾವು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ, ಮಿರ್ಚಿ ಭಜಿ ತಿಂದು ಚಹಾ ಕುಡಿಯುತ್ತೇವೆ, ಹಾಜರಿಗೆ ಸಹಿ ಹಾಕಿ ಬಸ್ ಹತ್ತುತ್ತೇವೆ. ಸೋಮವಾರ 9ನೇ ತರಗತಿಯ ಮುಂದೆ ನಿಂತಾಗ ಆ ವೃತ್ತ ತಗೊಂಡು ಏನು ಮಾಡಬೇಕು ಅನ್ನೋದು ಮಾತ್ರ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು ಬಾಗಲಕೋಟೆ ಹತ್ತಿರ, ಹಳೇ ಊರು ಹಿನ್ನೀರಿನಲ್ಲಿ ಮುಳುಗಿದವರ ಒಂದು ಪುನರ್ವಸತಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಹೇಳುತ್ತೇನೆ. ನಮ್ಮಲ್ಲಿ ಇರೋದು ಒಂದು ದೊಡ್ಡ ಟಿವಿ, ಒಂದು ಹಳೇ ಲ್ಯಾಪ್‌ಟಾಪ್, ನನ್ನ ಮೊಬೈಲಿನ ಹಾಟ್‌ಸ್ಪಾಟ್. ಕರೆಂಟು ಅದರ ಮನಸ್ಸಿಗೆ ಬಂದಾಗ. ಇಷ್ಟರಲ್ಲೇ ಏನು ಮಾಡಬಹುದು, ಆ ತರಬೇತಿಯ ಚೌಕಟ್ಟುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ, ಯಾವುದು ಬರೀ ಗೋಡೆಗೆ ಅಂಟಿಸೋಕೆ ಚೆಂದ ಅಂತ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಟಿವಿ ಬಂದ ಹೊಸತರಲ್ಲಿ ದಿನಾ ವಿಡಿಯೊ. ಮಕ್ಕಳು ನಾನು ಒಳಗೆ ಕಾಲಿಡುವ ಮೊದಲೇ "ಸರ, ಇವತ್ತು ಟಿವಿ ಹಚ್ತೀರೇನ್ರಿ?" ಅಂತ ಕೇಳೋರು. ಹಚ್ಚಿದರೆ ಗಪ್‌ಚಿಪ್. ನಾನು ಅದನ್ನೇ ಕಲಿಕೆ ಅಂದುಕೊಂಡೆ. ಎಫ್‌ಎ ಅನ್ನೋ ಕಿರು ಪರೀಕ್ಷೆಯ ಪೇಪರ್ ತಿದ್ದುವಾಗ ಗೊತ್ತಾಯಿತು, ಆ ಗಪ್‌ಚಿಪ್‌ಗೂ ಕಲಿಕೆಗೂ ಸಂಬಂಧವೇ ಇರಲಿಲ್ಲ. ಶಬ್ದದ ಪಾಠದ ವಿಡಿಯೊದಲ್ಲಿದ್ದ ನಾಯಿಯ ಚಿತ್ರ ಎಲ್ಲರಿಗೂ ನೆನಪಿತ್ತು. ಶಬ್ದ ಸಾಗೋಕೆ ಗಾಳಿ, ನೀರಿನಂಥ ಮಾಧ್ಯಮ ಯಾಕೆ ಬೇಕು ಅನ್ನೋದು ಐದಾರು ಮಂದಿಗಷ್ಟೇ.

ಪಾಠದಲ್ಲಿ ಎಲ್ಲಿ ಎಡವುತ್ತಾರೆ ಅಂತ ಮೊದಲು ಹುಡುಕಿ

ಈಗ ಆ ಮೂರು ವೃತ್ತಕ್ಕೆ ಬರೋಣ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ ಅನ್ನೋರು 1986ರಲ್ಲಿ ಒಂದು ಮಾತು ಹೇಳಿದರು: ವಿಷಯ ಗೊತ್ತಿರೋದು ಬೇರೆ, ಕಲಿಸೋ ಕಲೆ ಗೊತ್ತಿರೋದು ಬೇರೆ, ಇವೆರಡೂ ಸೇರಿದ ಮೂರನೇ ತಿಳಿವಳಿಕೆ ಒಂದಿದೆ, ಅದು ಮೇಷ್ಟ್ರ ಹತ್ತಿರ ಮಾತ್ರ ಇರುತ್ತದೆ. ಅಂದರೆ ಈ ಪಾಠದ ಯಾವ ಸಾಲಿನಲ್ಲಿ ಮಕ್ಕಳು ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ತಲೆಗೆ ಹೋಗುತ್ತದೆ ಅನ್ನೋ ತಿಳಿವಳಿಕೆ. ದೊಡ್ಡ ವಿಜ್ಞಾನಿಗೂ ಅದು ಇರಬೇಕಂತಿಲ್ಲ. ಹತ್ತು ವರ್ಷ 9ನೇ ತರಗತಿಗೆ ಪಾಠ ಮಾಡಿದವರಿಗೆ ಇರುತ್ತದೆ. 2006ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಇದಕ್ಕೆ ತಂತ್ರಜ್ಞಾನ ಅನ್ನೋ ಮೂರನೇ ವೃತ್ತ ಸೇರಿಸಿದರು. ಅದೇ ಟಿಪ್ಯಾಕ್.

ಚಿತ್ರ ಮರೆತರೂ ಪರವಾಗಿಲ್ಲ. ಪಾಠ ಟಿಪ್ಪಣಿಯ ಅಂಚಿನಲ್ಲಿ ಮೂರು ಸಾಲು ಬರೆಯಿರಿ, ಈ ಕ್ರಮದಲ್ಲೇ ಬರೆಯಿರಿ. ಮಕ್ಕಳು ಇದರಲ್ಲಿ ಎಲ್ಲಿ ಎಡವುತ್ತಾರೆ? ಆ ಜಾಗ ದಾಟಿಸೋಕೆ ನಾನು ಏನು ಮಾಡಿಸಬೇಕು? ಅದನ್ನು ಮಾಡಿಸೋಕೆ ಯಾವುದಾದರೂ ಯಂತ್ರ, ಆ್ಯಪ್ ಬೇಕಾ? ಮೂರನೇ ಸಾಲಿಗೆ "ಬೇಡ" ಅನ್ನೋದೂ ಒಂದು ಉತ್ತರವೇ. ನಾವು ಮಾಡೋ ತಪ್ಪೆಂದರೆ ಮೂರನೇ ಸಾಲಿನಿಂದ ಶುರು ಮಾಡೋದು. ಟಿವಿ ಇದೆ, ಏನು ಹಚ್ಚಲಿ ಅಂತ.

ಆ ಚಿತ್ರದಲ್ಲಿ ಮೂರೂ ವೃತ್ತಗಳ ಸುತ್ತ ಚುಕ್ಕೆ ಚುಕ್ಕೆಯ ಒಂದು ದೊಡ್ಡ ವೃತ್ತ ಇರುತ್ತದೆ, ನೋಡಿದ್ದೀರಾ? ತರಬೇತಿಯಲ್ಲಿ ಅದನ್ನು ಯಾರೂ ವಿವರಿಸುವುದಿಲ್ಲ. ಅದರ ಹೆಸರು ಸಂದರ್ಭ. ನನ್ನ ಪ್ರಕಾರ ನಮ್ಮ ಕಡೆಯವರಿಗೆ ಮುಖ್ಯ ಅದೇ. ತರಗತಿಯಲ್ಲಿ ಎಷ್ಟು ಮಕ್ಕಳು, ಹಿಂದಿನ ಬೆಂಚಿಗೆ ಟಿವಿ ಅಕ್ಷರ ಕಾಣುತ್ತದಾ, ಕರೆಂಟು ಎಷ್ಟು ಗಂಟೆಗೆ ಹೋಗುತ್ತದೆ, ಮನೆಯ ಒಂದೇ ಮೊಬೈಲು ಕಬ್ಬು ಕಡಿಯೋಕೆ ಹೋದ ಅಪ್ಪನ ಜೇಬಿನಲ್ಲಿದೆಯಾ, ಮನೆಯಲ್ಲಿ ಉರ್ದು, ಮರಾಠಿ, ಲಂಬಾಣಿ ಮಾತಾಡೋ ಮಕ್ಕಳಿಗೆ ವಿಡಿಯೊದ ಕನ್ನಡ ಅರ್ಥ ಆಗುತ್ತದಾ, ಇವೆಲ್ಲ ಆ ಚುಕ್ಕೆ ವೃತ್ತದೊಳಗೇ ಬರುತ್ತವೆ. ಬೆಳಗಾವಿ ಗಡಿಯ ಮರಾಠಿ ಊರಿನ ಶಾಲೆಯದ್ದೂ ವಿಜಯಪುರ ಪೇಟೆಯ ಶಾಲೆಯದ್ದೂ ಒಂದೇ ವೃತ್ತ ಆಗೋಕೆ ಸಾಧ್ಯವಿಲ್ಲ. ಹಾಗಾಗಿ ಬೇರೆಯವರ ಪಾಠ ಯೋಜನೆಯನ್ನು ಸುಮ್ನೆ ನಕಲು ಹೊಡೆಯಬೇಡಿ, ನನ್ನದೂ ಸೇರಿ.

ಆ ನಾಲ್ಕು ಮೆಟ್ಟಿಲು

ಎರಡನೇದು ಎಸ್‌ಎಎಂಆರ್, ಮಾತಿನಲ್ಲಿ ಸ್ಯಾಮರ್. ರೂಬೆನ್ ಪುಯೆಂಟೆಡುರಾ ಅನ್ನೋರು ಮಾಡಿದ ಚೌಕಟ್ಟು. ನಾಲ್ಕು ಮೆಟ್ಟಿಲು. ಹಳೇ ಕೆಲಸವನ್ನೇ ಹೊಸ ಯಂತ್ರದಲ್ಲಿ ಮಾಡೋದು ಮೊದಲನೇದು, ಬೋರ್ಡಿನ ಮೇಲೆ ಬರೆಯೋದನ್ನು ಟಿವಿ ಮೇಲೆ ತೋರಿಸಿದ ಹಾಗೆ. ಅದೇ ಕೆಲಸಕ್ಕೆ ಸ್ವಲ್ಪ ಅನುಕೂಲ ಸೇರೋದು ಎರಡನೇದು, ಚಿತ್ರವನ್ನು ದೊಡ್ಡದು ಮಾಡಿ ಎಲೆಯ ರಂಧ್ರ ತೋರಿಸಿದ ಹಾಗೆ. ಕೆಲಸದ ರೂಪವೇ ಬದಲಾಗೋದು ಮೂರನೇದು. ಯಂತ್ರ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಅನ್ನುವಂಥ ಕೆಲಸ ನಾಲ್ಕನೇದು.

ತೊಂದರೆ ಇರೋದು ಮೆಟ್ಟಿಲು ಅನ್ನೋ ಮಾತಿನಲ್ಲೇ. ಮೆಟ್ಟಿಲು ಅಂದಕೂಡಲೇ ಮೇಲೆ ಹತ್ತಿದವನು ಒಳ್ಳೇ ಮೇಷ್ಟ್ರು, ಕೆಳಗಿದ್ದವನು ದಡ್ಡ ಅನ್ನೋ ಭಾವನೆ ಬರುತ್ತದೆ. ಹಾಗೇನಿಲ್ಲ. 8ನೇ ತರಗತಿಯಲ್ಲಿ ನನಗೆ ಕಣ್ಣು ಮಂಜಾದ ಒಬ್ಬ ಹುಡುಗಿ ಇದ್ದಳು. ಪಠ್ಯದ ಪುಟವನ್ನು ಟಿವಿ ಮೇಲೆ ದೊಡ್ಡದಾಗಿ ಹಾಕಿದೆ, ಅಷ್ಟೇ. ಸ್ಯಾಮರ್ ಲೆಕ್ಕದಲ್ಲಿ ಅದು ಕೆಳಗಿನ ಎರಡು ಮೆಟ್ಟಿಲಲ್ಲೇ ಬರುತ್ತದೆ. ಅವಳ ಲೆಕ್ಕದಲ್ಲಿ? ಆದ್ದರಿಂದ ಸ್ಯಾಮರ್ ಅನ್ನು ತಿಂಗಳಿಗೊಮ್ಮೆ ಕನ್ನಡಿ ನೋಡಿಕೊಂಡ ಹಾಗೆ ಬಳಸಿ ಸಾಕು. ಪೂರ್ತಿ ತಿಂಗಳು ಮೊದಲ ಮೆಟ್ಟಿಲಲ್ಲೇ ಕೂತಿದ್ದೀನಾ ಅಂತ ನೋಡಿಕೊಳ್ಳಿ. ಒಂದೊಂದು ಪಾಠಕ್ಕೂ ಅಂಕ ಕೊಡೋಕೆ ಹೋಗಬೇಡಿ.

ಒಂಬತ್ತು ಚೌಕ

ನಾನು ನಿಜವಾಗಿ ಬಳಸೋದು ಮೂರನೇ ಚೌಕಟ್ಟು, ಪಿಕ್‌ರ‍್ಯಾಟ್. ಹೆಸರು ಇಲಿ ಬೋನಿನ ಹಾಗಿದೆ, ಇರಲಿ. ಜೋನ್ ಹ್ಯೂಸ್ ಅನ್ನೋರು ಮೊದಲು ಮಾಡಿದ್ದ ಮೂರು ಹಂತದ ಒಂದು ಚೌಕಟ್ಟನ್ನು ಇಟ್ಟುಕೊಂಡು ರಾಯ್ಸ್ ಕಿಮನ್ಸ್, ಚಾರ್ಲ್ಸ್ ಗ್ರಹಾಂ, ರಿಚರ್ಡ್ ವೆಸ್ಟ್ ಮೂವರೂ 2020ರಲ್ಲಿ ಪ್ರಕಟಿಸಿದ್ದು. ಇದರಲ್ಲಿ ಎರಡೇ ಪ್ರಶ್ನೆ.

ಮೊದಲನೇದು, ಯಂತ್ರದ ಜೊತೆ ಮಗು ಏನು ಮಾಡುತ್ತಿದೆ? ಸುಮ್ನೆ ನೋಡುತ್ತಿದೆಯಾ, ಒತ್ತಿ ತಿರುಗಿಸಿ ಉತ್ತರ ಕೊಟ್ಟು ಆಡುತ್ತಿದೆಯಾ, ಇಲ್ಲಾ ತಾನೇ ಏನಾದರೂ ತಯಾರು ಮಾಡುತ್ತಿದೆಯಾ? ಎರಡನೇದು, ಇದರಿಂದ ನನ್ನ ಹಳೇ ಪಾಠಕ್ಕೆ ಏನಾಯಿತು? ಬರೀ ಜಾಗ ಬದಲಾಯಿತಾ, ಸ್ವಲ್ಪ ಚಲೋ ಆಯಿತಾ, ಪಾಠವೇ ಬೇರೆ ಆಯಿತಾ? ಮೂರಕ್ಕೆ ಮೂರು, ಒಂಬತ್ತು ಚೌಕ. ಸ್ಟಾಫ್‌ರೂಮಿನ ಗೋಡೆಯ ಮೇಲೆ ಒಂದು ಹಾಳೆಯಲ್ಲಿ ಗೆರೆ ಎಳೆದು ಅಂಟಿಸಿ. ಪ್ರತಿ ಸಲ ಟಿವಿ, ಮೊಬೈಲು ಬಳಸಿದಾಗ ಸೇರಿದ ಚೌಕದಲ್ಲಿ ಒಂದು ಚುಕ್ಕೆ ಇಡಿ. ದಿನಾಂಕ ಬೇಡ, ಹೆಸರು ಬೇಡ.

ನಮ್ಮಲ್ಲಿ ಎರಡು ತಿಂಗಳಾದ ಮೇಲೆ ನೋಡಿದರೆ ಚುಕ್ಕೆಗಳೆಲ್ಲ ಒಂದೇ ಮೂಲೆಯಲ್ಲಿ ಇರುವೆ ಮುತ್ತಿದ ಹಾಗೆ ಕೂತಿದ್ದವು: ನೋಡೋದು, ಜಾಗ ಬದಲಾಗೋದು. ಯಾರೂ ಯಾರನ್ನೂ ಬೈಯಲಿಲ್ಲ. ಸಮಾಜ ವಿಜ್ಞಾನದ ಮೇಡಂ ಮಾತ್ರ, "ಹಂಗಾದ್ರ ನಾವು ಇಷ್ಟು ದಿನ ಟಾಕೀಸ್ ನಡಸೀವೇನ್ರಿ ಸರ?" ಅಂದರು.

ಆಮೇಲೆ ನಾವು ಮಾಡಿಕೊಂಡ ನಿಯಮ ಒಂದೇ. ಒಬ್ಬೊಬ್ಬರು ತಿಂಗಳಿಗೆ ಒಂದು ಪಾಠವನ್ನು ಆ ಮೂಲೆಯಿಂದ ಒಂದು ಮನೆ ಪಕ್ಕಕ್ಕೆ ಸರಿಸಬೇಕು. ಚೌಕಾಬಾರದ ಕಾಯಿ ನಡೆಸಿದ ಹಾಗೆ, ಒಂದು ಮನೆ ಸಾಕು. ವಿಡಿಯೊವನ್ನೇ ಹಚ್ಚಿ, ಆದರೆ ನಡುವೆ ನಿಲ್ಲಿಸಿ ಮುಂದೆ ಏನಾಗುತ್ತದೆ ಅಂತ ಪಾಟಿಯ ಮೇಲೆ ಬರೆಸಿ. ಅಷ್ಟಕ್ಕೇ ಒಂದು ಮನೆ ಸರಿದ ಹಾಗಾಯಿತು.

ಒಂದು ಪಾಠ ಪೂರ್ತಿ: ಶಬ್ದದ ವೇಗ

ಬರೀ ಮಾತಾಯಿತು, ಈಗ ಅಂಗಳಕ್ಕೆ ಬನ್ನಿ. 9ನೇ ತರಗತಿಯ ಶಬ್ದದ ಪಾಠದಲ್ಲಿ ಒಂದು ಕಡೆ ಮಕ್ಕಳು ಖಾಯಂ ಎಡವುತ್ತಾರೆ. ಶಬ್ದಕ್ಕೆ ವೇಗ ಇದೆ ಅಂತ ಬರೆಯುತ್ತಾರೆ, 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 344 ಮೀಟರ್ ಅಂತ ಬಾಯಿಪಾಠ ಹೇಳುತ್ತಾರೆ, ಆದರೆ ನಂಬುವುದಿಲ್ಲ. ಕರೆದ ತಕ್ಷಣ ಕೇಳುತ್ತದಲ್ಲ! ಪ್ರತಿಧ್ವನಿಯ ಲೆಕ್ಕದಲ್ಲಿ ಹೋಗಿ ಬರುವ ಎರಡೂ ದಾರಿಯನ್ನು ಹಿಡಿಯಬೇಕು ಅನ್ನೋದಂತೂ ಪ್ರತಿ ವರ್ಷ ಅರ್ಧ ತರಗತಿಗೆ ಮರೆತುಹೋಗುತ್ತದೆ.

ಇದಕ್ಕೆ ವಿಡಿಯೊ ಉಪಯೋಗವಿಲ್ಲ, ನಂಬಿಕೆ ಹುಟ್ಟಬೇಕಾದರೆ ಅವರೇ ಅಳೆಯಬೇಕು. ಸೆಕೆಂಡಿನ ನೂರನೇ ಒಂದು ಭಾಗವನ್ನು ಕೈಗಡಿಯಾರದಲ್ಲಿ ಅಳೆಯೋಕಾಗಲ್ಲ. ಮೊಬೈಲಿನಲ್ಲಿ ಆಗುತ್ತದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನೋ ಆ್ಯಪ್ ಇದೆ, ಪುಕ್ಕಟೆ. ಮೊಬೈಲಿನೊಳಗಿನ ಮೈಕು, ಚಲನೆ ಅಳೆಯುವ ಸೆನ್ಸರು ಇವನ್ನೆಲ್ಲ ಪ್ರಯೋಗಕ್ಕೆ ಬಳಸೋಕೆ ಅದು ಬಿಡುತ್ತದೆ. ಒಮ್ಮೆ ಇನ್‌ಸ್ಟಾಲ್ ಮಾಡಿಕೊಂಡರೆ ಈ ಪ್ರಯೋಗಕ್ಕೆ ನೆಟ್ ಬೇಡ. ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ಅಂತ ಒಂದು ಪ್ರಯೋಗವಿದೆ: ಒಂದು ಸದ್ದು ಕೇಳಿದರೆ ಗಡಿಯಾರ ಶುರು, ಇನ್ನೊಂದು ಸದ್ದು ಕೇಳಿದರೆ ನಿಲ್ಲುತ್ತದೆ.

ಮಾಡೋದು ಹೀಗೆ. ಹಗ್ಗಕ್ಕೆ 10 ಮೀಟರಿಗೆ ಗಂಟು ಹಾಕಿ ಮೈದಾನದಲ್ಲಿ ಎಳೆಯಿರಿ. ಎರಡು ತುದಿಗೆ ಎರಡು ಮೊಬೈಲು, ಎರಡರಲ್ಲೂ ಆ ಸ್ಟಾಪ್‌ವಾಚ್. ಪ್ರತಿ ಮೊಬೈಲಿನ ಪಕ್ಕ ಒಬ್ಬರು ಬಿಸಿಯೂಟದ ತಟ್ಟೆ, ಚಮಚ ಹಿಡಿದು ಕೂರಲಿ. ಚಪ್ಪಾಳೆಗಿಂತ ತಟ್ಟೆಯ ಸದ್ದು ಚುರುಕು. ಮೊದಲು ಈ ತುದಿಯವರು ಒಮ್ಮೆ ಬಡಿಯಬೇಕು. ಈ ಮೊಬೈಲಿನ ಗಡಿಯಾರ ಕೂಡಲೇ ಶುರುವಾಗುತ್ತದೆ, ಆ ತುದಿಯದ್ದು ಸದ್ದು ಅಲ್ಲಿಗೆ ಹೋದ ಮೇಲೆ. ಒಂದೆರಡು ಸೆಕೆಂಡು ಬಿಟ್ಟು ಆ ತುದಿಯವರು ಬಡಿಯಬೇಕು. ಈಗ ಅದು ಕೂಡಲೇ ನಿಲ್ಲುತ್ತದೆ, ಇದು ಸದ್ದು ಇಲ್ಲಿಗೆ ಬಂದ ಮೇಲೆ. ಎರಡೂ ಮೊಬೈಲಿನ ಸಮಯವನ್ನು ಕಳೆಯಿರಿ. ಉಳಿದದ್ದು ಶಬ್ದ ಒಮ್ಮೆ ಹೋಗಿ ಒಮ್ಮೆ ಬಂದ ಸಮಯ, ಅಂದರೆ 20 ಮೀಟರಿನ ಸಮಯ. ಸುಮಾರು 0.058 ಸೆಕೆಂಡು ಬರಬೇಕು. 20 ಅನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ.

ಗಾಳಿ ಇದ್ದರೆ ಗಡಿಯಾರ ತಾನಾಗೇ ಶುರುವಾಗಿಬಿಡುತ್ತದೆ. ಆಗ ಆ್ಯಪಿನಲ್ಲಿ ಸದ್ದಿನ ಮಿತಿಯನ್ನು ಸ್ವಲ್ಪ ಏರಿಸಿ. ತಟ್ಟೆಯ ಸದ್ದು ಗುಂಯ್ ಅಂತ ಎಳೆದು ಅದಕ್ಕೇ ಗಡಿಯಾರ ನಿಂತುಬಿಟ್ಟರೆ ಕನಿಷ್ಠ ಅಂತರದ ಸಮಯವನ್ನೂ ಏರಿಸಿ, ತಟ್ಟೆಯನ್ನು ಬಡಿದ ತಕ್ಷಣ ಅಂಗೈಯಿಂದ ಹಿಡಿಯಲು ಹೇಳಿ. ನಾವು ಮೊದಲ ಸಲ ಮಾಡಿದ ದಿನ ಊರ ಗುಡಿಯಲ್ಲಿ ಮೈಕ್ ಹಚ್ಚಿದ್ದರು. ಆವತ್ತು ಪ್ರಯೋಗ ಕೈಬಿಟ್ಟು ಕಬಡ್ಡಿ ಆಡಿಸಿದೆ.

ಒಂದೇ ಸಲಕ್ಕೆ ನಂಬಬೇಡಿ, ಪ್ರತಿ ಗುಂಪು ಐದು ಸಲ ಅಳೆದು ಸರಾಸರಿ ತೆಗೆಯಲಿ. ನಮ್ಮ ಒಂದು ಗುಂಪಿಗೆ 338 ಬಂತು, ಇನ್ನೊಂದಕ್ಕೆ 361. ಮೂರನೇ ಗುಂಪಿಗೆ 176. "ಸರ, ನಮ್ಮ ಮೊಬೈಲ್ ಕೆಟ್ಟೈತ್ರಿ" ಅಂದರು. ನಾನು ಏನೂ ಹೇಳಲಿಲ್ಲ. ಹೇಳದೇ ಇರೋದು ಎಷ್ಟು ಕಷ್ಟ ಅಂತ ಮೇಷ್ಟ್ರಿಗೇ ಗೊತ್ತು. ಎಂಟು ಹತ್ತು ನಿಮಿಷ ತಮ್ಮತಮ್ಮಲ್ಲೇ ಜಗಳಾಡಿದರು, ಹಗ್ಗ ಮತ್ತೆ ಅಳೆದರು. ಕೊನೆಗೆ ಆ ಗುಂಪಿನ ಒಬ್ಬ ಹುಡುಗಿ, "ಹೋಗಿದ್ದಷ್ಟ ಹಿಡದೀವಿ, ಬಂದಿದ್ದು ಬಿಟ್ಟೀವಿ" ಅಂದಳು. 10 ಮೀಟರ್ ಹಾಕಿದ್ದರು, 20 ಹಾಕಬೇಕಿತ್ತು. ಪ್ರತಿ ವರ್ಷ ನಾನು ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದರೂ ತಲೆಗೆ ಹೋಗದ ಮಾತು ಅದು. ಆ ವರ್ಷ ಆ ತರಗತಿಯಲ್ಲಿ ಆ ತಪ್ಪು ಮತ್ತೆ ಹೆಚ್ಚು ಕಾಣಲಿಲ್ಲ.

ಇದಾದ ಮೇಲೆ ಪ್ರವಾಸಕ್ಕೆ ಗೋಳಗುಮ್ಮಟಕ್ಕೆ ಹೋದರೆ ಮಜಾನೇ ಬೇರೆ. ಎಲ್ಲ ಶಾಲೆಯ ಮಕ್ಕಳೂ ಮೇಲೆ ಹೋಗಿ ಕೂಗುತ್ತಾರೆ, ಸದ್ದು ಏಳು ಸಲ ಬರುತ್ತದೆ ಅಂತ ಗೈಡ್ ಹೇಳುತ್ತಾನೆ, ಕಿವಿ ಗಡಚಿಕ್ಕಿ ಇಳಿದು ಬರುತ್ತೇವೆ. ನಮ್ಮವರು ಕೂಗುವ ಮೊದಲು ಲೆಕ್ಕ ಹಾಕಿದರು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಎದುರಿನ ಗೋಡೆ ಕನಿಷ್ಠ 17.2 ಮೀಟರ್ ದೂರ ಇರಬೇಕು ಅಂತ ಪಠ್ಯ ಹೇಳುತ್ತದೆ. ಹಾಗಾದರೆ ಇಲ್ಲಿ ಕೇಳಲೇಬೇಕು! ಪಿಸುಮಾತು ಆಚೆ ಬದಿಗೆ ಕೇಳೋದು ಮಾತ್ರ ಬೇರೆ ವಿಷಯ, ಅಲ್ಲಿ ಸದ್ದು ದುಂಡು ಗೋಡೆಯನ್ನು ಸವರಿಕೊಂಡೇ ಸುತ್ತಿ ಹೋಗುತ್ತದೆ.

ಒಂಬತ್ತು ಚೌಕದಲ್ಲಿ ಇದು ಎಲ್ಲಿ ಬರುತ್ತದೆ? ಮಕ್ಕಳು ಯಂತ್ರದ ಜೊತೆ ಕೆಲಸ ಮಾಡಿ ತಮ್ಮದೇ ಅಂಕಿ ತಯಾರು ಮಾಡಿದರು, ಹಳೇ ಪಾಠದಲ್ಲಿ ಆಗದಿದ್ದ ಕೆಲಸ ಆಯಿತು. ಚುಕ್ಕೆಯನ್ನು ಮೇಲಿನ ಮೂಲೆಯಲ್ಲಿಟ್ಟೆ. ಖರ್ಚು? ಎರಡು ಮೊಬೈಲು, ಒಂದು ಹಗ್ಗ.

ಮುಳುಗಡೆ ಊರಿನ ನಕ್ಷೆ

ಸಮಾಜ ವಿಜ್ಞಾನದ ಮೇಡಂ ಮಾಡಿದ್ದು ನನ್ನದಕ್ಕಿಂತ ಚಲೋ ಇತ್ತು, ಹೇಳಲೇಬೇಕು. ಗೂಗಲ್ ಅರ್ತ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳಿವೆ. ಆಲಮಟ್ಟಿ ಅಣೆಕಟ್ಟಿನ ಕಡೆ ಇಟ್ಟು ವರ್ಷ ಓಡಿಸಿದರೆ ಕೃಷ್ಣೆಯ ತೆಳ್ಳನೆ ಗೆರೆ ಅಗಲವಾಗುತ್ತಾ ಬಂದು ಹಿನ್ನೀರಾಗಿ ಹರಡೋದು ಕಣ್ಣೆದುರೇ ಕಾಣುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಟಾಕೀಸೇ. ಅವರು ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಯ ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ಹಳೇ ಊರಲ್ಲಿ ಮನೆ ಎಲ್ಲಿತ್ತು, ಹೊಲ ಎಲ್ಲಿತ್ತು, ಊರ ಅಗಸಿ ಬಾಗಿಲು ಯಾವ ಕಡೆ ಇತ್ತು ಅಂತ ಕೇಳಿ ಮೊಬೈಲಿನಲ್ಲಿ ಮೂರು ನಿಮಿಷ ಧ್ವನಿ ಹಿಡಿದು ತನ್ನಿ. ಆಮೇಲೆ ದೊಡ್ಡ ಹಾಳೆಯ ಮೇಲೆ ಹಳೇ ಊರಿನ ನಕ್ಷೆ ಬಿಡಿಸಿದರು. ಹನುಮಪ್ಪನ ಗುಡಿ ಎಲ್ಲಿತ್ತು ಅನ್ನೋದರ ಮೇಲೆ ಇಬ್ಬರು ಅಜ್ಜಂದಿರ ಮಾತು ಹೊಂದಲಿಲ್ಲ. ಆ ಜಗಳ ಬಗೆಹರಿಸೋಕೆ ಇಬ್ಬರೂ ಶಾಲೆಗೇ ಬಂದರು. ಚರಿತ್ರೆಗೆ ಆಧಾರ ಅಂದರೇನು ಅಂತ ಆ ದಿನ ಮಕ್ಕಳಿಗೆ ಬೇರೆ ಪಾಠ ಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಹಿರಿಯರ ಧ್ವನಿ, ಮಕ್ಕಳ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹೋಗಬಾರದು. ಮನೆಯವರನ್ನು ಮೊದಲೇ ಕೇಳಿ, ಬೇಡ ಅಂದರೆ ಬೇಡ.

ಸಣ್ಣಪುಟ್ಟ ಆದರೆ ಕೈಕೊಡುವ ವಿಷಯಗಳು

ನೆಟ್ ನಂಬಿಕೊಂಡು ತರಗತಿಗೆ ಹೋಗಬೇಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಅನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಮನೆಯಲ್ಲೇ ಸ್ಕ್ಯಾನ್ ಮಾಡಿ, ಬೇಕಾದ್ದನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಇಳಿಸಿಕೊಂಡು ಪೂರ್ತಿ ನೋಡಿ, ಇದು ಮುಖ್ಯ. ಚೆನ್ನಾಗಿರೋದೂ ಇದೆ, ಪುಸ್ತಕವನ್ನೇ ಓದಿ ಹೇಳೋದೂ ಇದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನೋ ವಿಜ್ಞಾನ, ಗಣಿತದ ಆಟದಂಥ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಲ್ಯಾಪ್‌ಟಾಪಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ವಿದ್ಯುತ್ ಮಂಡಲದ ಪಾಠಕ್ಕೆ ಬಲ್ಬು ಸುಡದೇ ತಪ್ಪು ಮಾಡೋಕೆ ಅದರಷ್ಟು ಒಳ್ಳೇದಿಲ್ಲ. ಆದರೆ ಒಮ್ಮೆಯಾದರೂ ನಿಜವಾದ ಸೆಲ್ಲು, ನಿಜವಾದ ಬಲ್ಬು ಕೈಗೆ ಕೊಡಿ.

ಮೊಬೈಲು ಯಾರ ಕೈಯಲ್ಲಿ ಇರುತ್ತದೆ ನೋಡಿ. ಸುಮ್ನೆ ಬಿಟ್ಟರೆ ಗಂಡು ಹುಡುಗರೇ ಹಿಡಿಯುತ್ತಾರೆ, ಹೆಣ್ಣು ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂರುತ್ತಾರೆ. ಪ್ರತಿ ಹತ್ತು ನಿಮಿಷಕ್ಕೆ ಕೈ ಬದಲಾಗಬೇಕು ಅಂತ ಮೊದಲೇ ಹೇಳಿ. ಮತ್ತೆ, ಮನೆಯಲ್ಲಿ ಮೊಬೈಲು ಇದ್ದರಷ್ಟೇ ಮಾಡಬಹುದಾದ ಮನೆಕೆಲಸ ಕೊಡಬೇಡಿ. ಇಲ್ಲದವರು ಹೇಳಿಕೊಳ್ಳುವುದಿಲ್ಲ, ಮರುದಿನ ಶಾಲೆಗೇ ಬರುವುದಿಲ್ಲ. ಮೇಡಂ ಇದಕ್ಕೆ ಮೂರು ಮನೆಗೆ ಒಂದು ಮೊಬೈಲು ಅಂತ ಓಣಿ ಪ್ರಕಾರ ಗುಂಪು ಮಾಡಿದ್ದರು.

ಪಾಠ ಮುಗಿದ ಮೇಲೆ ಲೆಕ್ಕ ನೋಡೋಕೆ ಲಿಜ್ ಕೋಲ್ಬ್ ಅವರ ಟ್ರಿಪಲ್ ಇ ಅನ್ನೋ ಚೌಕಟ್ಟು ಸಾಕು. ಮಕ್ಕಳ ಗಮನ ಯಂತ್ರದ ಮೇಲಲ್ಲದೆ ಪಾಠದ ಮೇಲಿತ್ತಾ? ಯಂತ್ರ ಇದ್ದುದರಿಂದ ಅರ್ಥ ಮಾಡಿಕೊಳ್ಳೋದು ಸುಲಭ ಆಯಿತಾ? ಕಲಿತದ್ದು ಶಾಲೆಯ ಗೇಟು ದಾಟಿ ಹೊರಗೆ ಹೋಯಿತಾ? ನಾನು ಇದಕ್ಕೆ ಇನ್ನೊಂದು ಸೇರಿಸಿಕೊಂಡಿದ್ದೇನೆ: ಎರಡು ದಿನ ಬಿಟ್ಟು, ಟಿವಿ ಮೊಬೈಲು ಏನೂ ಇಲ್ಲದೆ, ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಸುತ್ತೇನೆ. ಐದು ನಿಮಿಷದ ಕೆಲಸ. ಆ ಚೀಟಿಗಳು ನನ್ನ ಮುಖ ನೋಡಿ ಮಾತಾಡುವುದಿಲ್ಲ.

ಬೇಡದ ಕಡೆ ಬೇಡ ಅನ್ನೋದನ್ನೂ ಕಲಿಯಿರಿ. ಮಣ್ಣಿನ ಪಾಠಕ್ಕೆ ಒಂದು ಹಿಡಿ ಎರೆ ಮಣ್ಣು, ಒಂದು ಹಿಡಿ ಮಸಾರಿ ಮಣ್ಣು, ಎರಡು ಲೋಟ ನೀರು ತಂದರೆ ಮುಗಿಯಿತು. ಮಕ್ಕಳಿಗೆ ಆ ಮಣ್ಣು ನನಗಿಂತ ಜಾಸ್ತಿ ಗೊತ್ತು. ಅದಕ್ಕೂ ವಿಡಿಯೊ ಹಚ್ಚಿದ ನನ್ನ ಹಳೇ ದಿನಗಳನ್ನು ನೆನೆದರೆ ನಗು ಬರುತ್ತದೆ.

ಶಬ್ದದ ಪ್ರಯೋಗವನ್ನು ಈ ವರ್ಷ ಎರಡು ಸಲ ಮಾಡಬೇಕಂತಿದ್ದೇನೆ. ಒಂದು ಡಿಸೆಂಬರಿನ ಚಳಿಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ, ಇನ್ನೊಂದು ಮಾರ್ಚಿನ ಮಟಮಟ ಮಧ್ಯಾಹ್ನ. ಬಿಸಿ ಏರಿದರೆ ಶಬ್ದ ಜೋರಾಗಿ ಓಡುತ್ತದೆ, ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. 18 ಡಿಗ್ರಿಗೂ 38 ಡಿಗ್ರಿಗೂ 12 ಮೀಟರ್ ವ್ಯತ್ಯಾಸ ಬರಬೇಕು. 10 ಮೀಟರ್ ಹಗ್ಗದಲ್ಲಿ ಅದು ಸಿಗುವುದಿಲ್ಲ, ಸೆಕೆಂಡಿನ ಸಾವಿರ ಭಾಗದಲ್ಲಿ ಎರಡು ಭಾಗದಷ್ಟೇ ಫರಕು, ನಮ್ಮ ಅಳತೆಯ ತಪ್ಪೇ ಅದಕ್ಕಿಂತ ದೊಡ್ಡದಿರುತ್ತದೆ. 30 ಮೀಟರ್ ಮಾಡಿದರೆ ಸಾವಿರದಲ್ಲಿ ಆರು ಭಾಗದ ಹತ್ತಿರ ಬರುತ್ತದೆ. ಆದರೆ 30 ಮೀಟರ್ ಆಚೆಯ ಮೊಬೈಲಿಗೆ ತಟ್ಟೆಯ ಸದ್ದು ಕೇಳುತ್ತದಾ? ಹುಡುಗರು ಈಗಲೇ ಶಾಲೆಯ ಗಂಟೆ ಬಿಚ್ಚಿಕೊಂಡು ಹೋಗೋಣ ಅನ್ನುತ್ತಿದ್ದಾರೆ. ಹೆಡ್‌ಮಾಸ್ತರು ಇನ್ನೂ ಹೂಂ ಅಂದಿಲ್ಲ.